‘ಫಾರ್ಮ್ಯಾಟ್ ಹೊಡೆಸಿ’ ಎನ್ನುವ ಮೊದಲು

ಕಳೆದ ಚಳಿಗಾಲದಲ್ಲಿ ಹೊಳಲ್ಕೆರೆ ಕಡೆಯ ಮೇಷ್ಟ್ರೊಬ್ಬರು ಶಾಲೆಯ ಹಳೆಯ ಸಿಪಿಯು ಒಂದನ್ನು ಟವೆಲ್ಲಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಚಿತ್ರದುರ್ಗದ ನನ್ನ ಸರ್ವಿಸ್ ಅಂಗಡಿಗೆ ತಂದರು. ವಿಂಡೋಸ್ ತೆಗೆದು ತಾವೇ ಲಿನಕ್ಸ್ ಹಾಕಿದ್ದರು. ಹಾಕುವ ಕೆಲಸ ಸಲೀಸಾಗಿಯೇ ಮುಗಿದಿತ್ತು. ರೀಸ್ಟಾರ್ಟ್ ಮಾಡಿದರೆ ಮಾತ್ರ ಕಪ್ಪು ಪರದೆ, ಬೂಟ್ ಆಗಲು ಏನೂ ಸಿಗಲಿಲ್ಲ ಎಂಬ ಒಂದೇ ಸಾಲು. ‘ಇಬ್ಬರಿಗೆ ತೋರಿಸಿದೆ ಕಣಪ್ಪ. ಫಾರ್ಮ್ಯಾಟ್ ಹೊಡೆಸಿ, ಇಲ್ಲ ಹೊಸದು ತಗೊಳ್ಳಿ ಅಂದ್ರು. ನೀನೂ ಅದನ್ನೇ ಹೇಳೋದಾದ್ರೆ ಈಗಲೇ ಹೇಳಿಬಿಡು, ಮಧ್ಯಾಹ್ನದ ಬಸ್ಸಿಗೆ ಹೋಗ್ತೀನಿ’ ಅಂದರು.

‘ಮೇಷ್ಟ್ರೇ, ಹಾಕೋವಾಗ ಬಳಸಿದ ಪೆನ್‌ಡ್ರೈವ್ ಇದೆಯಾ?’ ಎಂದು ಕೇಳಿದೆ. ಅಂಗಿಯ ಜೇಬಿನಿಂದ ತೆಗೆದುಕೊಟ್ಟರು. ಚುಚ್ಚಿ ಆನ್ ಮಾಡಿದೆ, ಲಿನಕ್ಸ್ ಬಂತು. ಕಿತ್ತು ಆನ್ ಮಾಡಿದೆ, ಮತ್ತೆ ಅದೇ ಕಪ್ಪು ಪರದೆ. ಲಿನಕ್ಸನ್ನು ಎಬ್ಬಿಸುವ ಗ್ರಬ್ ಎಂಬ ಪುಟ್ಟ ತಂತ್ರಾಂಶವನ್ನು ಹಾರ್ಡ್‌ಡಿಸ್ಕಿಗೆ ಬರೆಯುವ ಬದಲು ಪೆನ್‌ಡ್ರೈವಿಗೆ ಬರೆಯಲಾಗಿತ್ತು. ಮನೆಯೆಲ್ಲ ಕಟ್ಟಿ ಮುಗಿಸಿ, ಬೀಗದ ಕೈ ಮೇಸ್ತ್ರಿಯ ಜೇಬಿನಲ್ಲೇ ಉಳಿದ ಹಾಗೆ. ಗ್ರಬ್ ಅನ್ನು ಹಾರ್ಡ್‌ಡಿಸ್ಕಿಗೆ ಬರೆಯಲು ಹತ್ತು ನಿಮಿಷವೂ ಬೇಕಾಗಲಿಲ್ಲ. ಒಂದು ಫೈಲೂ ಅಳಿಯಲಿಲ್ಲ. ಮೇಷ್ಟ್ರು ಮಧ್ಯಾಹ್ನದ ಬಸ್ಸಿಗೇ ಹೊರಟರು.

ಇದನ್ನು ಹೇಳಲು ಕಾರಣವಿದೆ. ನಮ್ಮ ತಾಲ್ಲೂಕುಗಳಲ್ಲಿ ‘ಆನ್ ಆಗ್ತಿಲ್ಲ’ ಎಂಬ ಒಂದೇ ಮಾತು ಹತ್ತು ಬೇರೆ ಬೇರೆ ತೊಂದರೆಗಳಿಗೆ ಹೆಸರಾಗಿದೆ. ಆ ಹತ್ತಕ್ಕೂ ‘ಫಾರ್ಮ್ಯಾಟ್ ಹೊಡೆಸಿ’ ಎಂಬ ಒಂದೇ ಮದ್ದು ನಡೆಯುತ್ತಿದೆ. ಇದರಿಂದ ಜನರ ದಾಖಲೆ ಹೋಗುತ್ತದೆ, ಗಟ್ಟಿಯಾಗಿರುವ ಯಂತ್ರ ಗುಜರಿ ಸೇರುತ್ತದೆ, ಲಿನಕ್ಸ್ ನಮ್ಮಂಥವರಿಗಲ್ಲ ಎಂಬ ಮಾತು ಊರಲ್ಲಿ ನಿಲ್ಲುತ್ತದೆ. ಈ ಅಭ್ಯಾಸ ನಿಲ್ಲಬೇಕು.

ನಾನು ಹಿರಿಯೂರು ಕಡೆಯವನು. ನಮ್ಮ ತೋಟ ವಾಣಿ ವಿಲಾಸ ಸಾಗರದ ಅಚ್ಚುಕಟ್ಟಿನ ಕೊನೆಯಲ್ಲಿತ್ತು. 1907ರಲ್ಲಿ ಕಟ್ಟಿ ಮುಗಿಸಿದ ಆ ಮಾರಿಕಣಿವೆ ಜಲಾಶಯ 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಬಿದ್ದದ್ದು 2022ರಲ್ಲಿ. ನಡುವಿನ ಬರದ ವರ್ಷಗಳಲ್ಲಿ ನಾಲೆಗೆ ನೀರು ಬಿಟ್ಟರೂ ನಮ್ಮವರೆಗೆ ಬರುವುದು ಅಪರೂಪ. ಬಾರದ ದಿನ ಅಪ್ಪ ಸನಿಕೆ ಹೆಗಲಿಗೆ ಹಾಕಿಕೊಂಡು ನಾಲೆಯ ಏರಿ ಮೇಲೆ ಹಿಂದಕ್ಕೆ ನಡೆಯುತ್ತಿದ್ದರು. ಹೂಳು ತುಂಬಿದೆಯೋ, ತೂಬು ಮುಚ್ಚಿದೆಯೋ, ಮೇಲಿನವರು ಅಡ್ಡ ಕಟ್ಟಿದ್ದಾರೋ ನೋಡುತ್ತಿದ್ದರು. ‘ಬರಲಿಲ್ಲ ಅಂತ ಕೂತರೆ ಆಗಲ್ಲ, ಎಲ್ಲಿ ನಿಂತಿದೆ ನೋಡು’ ಎನ್ನುವುದು ಅವರ ಮಾತು. ಕಂಪ್ಯೂಟರ್ ರಿಪೇರಿಗೆ ಇದಕ್ಕಿಂತ ದೊಡ್ಡ ಪಾಠ ನನಗೆ ಯಾವ ಕೋರ್ಸಿನಲ್ಲೂ ಸಿಗಲಿಲ್ಲ.

ಆ ಪಾಠವನ್ನು ನಾನೇ ಒಮ್ಮೆ ಮರೆತೆ. ಅಂಗಡಿ ಹೊಸದಾಗಿ ಇಟ್ಟ ಕಾಲ. ಹೊಸದುರ್ಗದ ತೆಂಗಿನಕಾಯಿ ವ್ಯಾಪಾರಿಯೊಬ್ಬರ ಕಂಪ್ಯೂಟರ್ ಬೂಟ್ ಆಗುತ್ತಿರಲಿಲ್ಲ. ಏನನ್ನೂ ಕೇಳದೆ ಫಾರ್ಮ್ಯಾಟ್ ಹೊಡೆದು ವಿಂಡೋಸ್ ಹಾಕಿಕೊಟ್ಟೆ. ಮೂರು ವರ್ಷದ ಕೊಡುವ-ತರುವ ಲೆಕ್ಕ ಅದರಲ್ಲಿತ್ತು. ಅವರು ಬೈಯಲಿಲ್ಲ. ‘ಒಂದು ಮಾತು ಕೇಳಬಾರದಿತ್ತೇನಪ್ಪ?’ ಅಂದರು. ಅಂದಿನಿಂದ ಡೇಟಾ ಬೇರೆ ಡಿಸ್ಕಿಗೆ ತೆಗೆದಿಡದೆ ನಾನು ಯಾವ ಯಂತ್ರವನ್ನೂ ಫಾರ್ಮ್ಯಾಟ್ ಮಾಡಿಲ್ಲ.

ಗುಂಡಿ ಒತ್ತಿದಾಗಿನಿಂದ ಪಾಸ್‌ವರ್ಡ್ ಕೇಳುವವರೆಗೆ ನಾಲ್ಕು ಹಂತಗಳಿವೆ. ಮದರ್‌ಬೋರ್ಡಿನಲ್ಲಿರುವ ಬಯಾಸ್ ಅಥವಾ ಅದರ ಹೊಸ ರೂಪವಾದ ಯುಇಎಫ್‌ಐ ಮೊದಲು ಎದ್ದು ರ‍್ಯಾಮ್, ಡಿಸ್ಕುಗಳನ್ನು ನೋಡಿಕೊಳ್ಳುತ್ತದೆ. ಅದು ಗ್ರಬ್ ಅನ್ನು ಹುಡುಕಿ ಕರೆಯುತ್ತದೆ. ಗ್ರಬ್ ಲಿನಕ್ಸಿನ ತಿರುಳಾದ ಕರ್ನಲ್ ಅನ್ನು ಎಬ್ಬಿಸುತ್ತದೆ. ಕರ್ನಲ್ ತನ್ನ ಡಿಸ್ಕನ್ನು ಗುರುತಿಸಿ, ಪರದೆಗೆ ಜೀವ ಕೊಟ್ಟು, ನಮ್ಮನ್ನು ಒಳಗೆ ಬಿಡುತ್ತದೆ. ಎಲ್ಲಿ ನಿಂತಿದೆ ಎಂಬುದನ್ನು ಪರದೆಯೇ ಹೇಳುತ್ತದೆ.

ಕಂಪನಿಯ ಲೋಗೋ ಕೂಡ ಬಾರದಿದ್ದರೆ ತಪ್ಪು ಲಿನಕ್ಸಿನದಲ್ಲ. ರ‍್ಯಾಮ್ ತೆಗೆದು ಒರೆಸಿ ಕೂರಿಸಿ, ಪವರ್ ಸಪ್ಲೈ ನೋಡಿ. ಲೋಗೋ ಬಂದು, ಬೂಟ್ ಡಿವೈಸ್ ಇಲ್ಲ ಎಂದರೆ ಅಥವಾ ನೇರ ವಿಂಡೋಸಿಗೆ ಹೋದರೆ ಎರಡನೇ ಹಂತದಲ್ಲಿ ನಿಂತಿದೆ. ಹಿರಿಯೂರಿನ ಜೆರಾಕ್ಸ್ ಅಂಗಡಿಯೊಂದರಲ್ಲಿ ಹೀಗೇ ಆಗಿತ್ತು. ಅಲ್ಲಿ ವಿಂಡೋಸ್ ಇದ್ದದ್ದು ಯುಇಎಫ್‌ಐ ರೀತಿಯಲ್ಲಿ, ಲಿನಕ್ಸ್ ಹಾಕುವಾಗ ಪೆನ್‌ಡ್ರೈವ್ ಎದ್ದದ್ದು ಹಳೆಯ ಲೆಗಸಿ ರೀತಿಯಲ್ಲಿ. ಎರಡಕ್ಕೂ ದಾರಿ ಬೇರೆಯಾಯಿತು. ಪೆನ್‌ಡ್ರೈವನ್ನು ಯುಇಎಫ್‌ಐ ಮೂಲಕವೇ ಎಬ್ಬಿಸಿ ಗ್ರಬ್ ಅನ್ನು ಮತ್ತೆ ಕೂರಿಸಿದ ಮೇಲೆ ಎರಡೂ ಬಂದವು. ಇಲ್ಲಿ ಒಂದು ಎಚ್ಚರಿಕೆ: ವಿಂಡೋಸ್‌ನಲ್ಲಿ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಇದ್ದರೆ, ನಂಬಿಕೆಯ ತಂತ್ರಾಂಶವನ್ನಷ್ಟೇ ಏಳಲು ಬಿಡುವ ಸೆಕ್ಯೂರ್ ಬೂಟ್ ಮುಂತಾದವನ್ನು ಮುಟ್ಟುವ ಮೊದಲೇ ಅದರ 48 ಅಂಕಿಯ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಇಲ್ಲದಿದ್ದರೆ ಸ್ವಂತ ಡಿಸ್ಕೇ ನಿಮಗೆ ಬಾಗಿಲು ತೆರೆಯುವುದಿಲ್ಲ.

ದುರ್ಗದ ಒಂದು ಟೈಪಿಂಗ್ ಕೇಂದ್ರದಲ್ಲಿ ಚೆನ್ನಾಗಿ ನಡೆಯುತ್ತಿದ್ದ ಲಿನಕ್ಸ್, ಕರೆಂಟು ಹೋಗಿ ಬಂದ ಒಂದು ಬೆಳಗ್ಗೆ ಏಳಲಿಲ್ಲ. ಬಯಾಸ್‌ನಲ್ಲಿ ನೋಡಿದರೆ ಗಡಿಯಾರ ಹಲವು ವರ್ಷ ಹಿಂದೆ ಹೋಗಿತ್ತು. ಮದರ್‌ಬೋರ್ಡಿನ ಸಿಆರ್2032 ಸೆಲ್ ಸತ್ತಿತ್ತು, ಸೆಟ್ಟಿಂಗುಗಳೆಲ್ಲ ಮೊದಲಿನಂತಾಗಿ ಯುಇಎಫ್‌ಐ ಹೋಗಿ ಲೆಗಸಿ ಬಂದಿತ್ತು. ಕೈಗಡಿಯಾರದ ಅಂಗಡಿಯಲ್ಲಿ ಸಿಗುವ ಆ ನಾಣ್ಯದಂಥ ಸೆಲ್ ಬದಲಾಯಿಸಿ, ಸೆಟ್ಟಿಂಗನ್ನು ಮತ್ತೆ ಯುಇಎಫ್‌ಐಗೆ ತಂದದ್ದೇ ರಿಪೇರಿ.

ಕೆಲವೊಮ್ಮೆ ಏನೂ ಮುಟ್ಟದೆಯೂ ಹೀಗಾಗುತ್ತದೆ. 2024ರ ಆಗಸ್ಟ್‌ನಲ್ಲಿ ಬಂದ ವಿಂಡೋಸ್ ಅಪ್‌ಡೇಟ್ ಒಂದರ ನಂತರ, ಎರಡೂ ವ್ಯವಸ್ಥೆಗಳಿದ್ದ ಅನೇಕ ಕಂಪ್ಯೂಟರುಗಳಲ್ಲಿ ಜಗತ್ತಿನಾದ್ಯಂತ ಲಿನಕ್ಸ್ ಬೂಟ್ ಆಗುವುದು ನಿಂತಿತು. ಗ್ರಬ್‌ಗಿಂತ ಮೊದಲು ಏಳುವ ಹಳೆಯ ತಂತ್ರಾಂಶವನ್ನು ಸೆಕ್ಯೂರ್ ಬೂಟ್ ಒಳಗೆ ಬಿಡಲಿಲ್ಲ. ಅದಕ್ಕೂ ಪರಿಹಾರ ಫಾರ್ಮ್ಯಾಟ್ ಆಗಿರಲಿಲ್ಲ.

‘ಗ್ರಬ್ ರೆಸ್ಕ್ಯೂ’ ಎಂದು ಬರೆದು ನಿಂತರೆ, ಗ್ರಬ್ ಎದ್ದಿದೆ, ಆದರೆ ತನ್ನ ಉಳಿದ ಭಾಗವಿರುವ ಪಾರ್ಟಿಷನ್ ಸಿಕ್ಕಿಲ್ಲ ಎಂದರ್ಥ. ಯಾರೋ ಪಾರ್ಟಿಷನ್ ಅಳಿಸಿರುತ್ತಾರೆ, ಇಲ್ಲವೇ ಬದಲಿಸಿರುತ್ತಾರೆ. ‘ಇನಿಟ್‌ರಾಮ್‌ಎಫ್‌ಎಸ್’ ಎಂಬ ಪದ ಕಂಡರೆ ಕರ್ನಲ್ ಎದ್ದಿದೆ, ಡಿಸ್ಕ್ ಸಿಕ್ಕಿಲ್ಲ ಅಥವಾ ಅದರಲ್ಲಿ ದೋಷವಿದೆ. ಎಷ್ಟೋ ಸಲ ಕರೆಂಟು ದಿಢೀರನೆ ಹೋದದ್ದೇ ಕಾರಣ, ಎಫ್‌ಎಸ್‌ಸಿಕೆ ಎಂಬ ತಪಾಸಣೆ ನಡೆಸಿದರೆ ಸರಿಹೋಗುತ್ತದೆ.

ಗ್ರಬ್‌ನ ಪಟ್ಟಿ ಬಂದು, ಲಿನಕ್ಸ್ ಆರಿಸಿದ ಮೇಲೆ ಬರೀ ಕತ್ತಲೆಯಾದರೆ ಹೆಚ್ಚಾಗಿ ಗ್ರಾಫಿಕ್ಸ್ ಕಾರ್ಡಿನ ತಕರಾರು. ಹೊಸದುರ್ಗದ ದಾಳಿಂಬೆ ಬೆಳೆಗಾರರೊಬ್ಬರ ಮಗಳು ಎಂಜಿನಿಯರಿಂಗ್ ಓದುತ್ತಿದ್ದಾಳೆ. ಸಾಲ ಮಾಡಿ ಕೊಡಿಸಿದ ಲ್ಯಾಪ್‌ಟಾಪ್ ಹೀಗೆ ಕತ್ತಲಾದಾಗ ಅಪ್ಪ-ಮಗಳು ಇಬ್ಬರೂ ಹೆದರಿ ಫೋನ್ ಮಾಡಿದರು. ಗ್ರಬ್ ಪಟ್ಟಿಯಲ್ಲಿ ‘ಇ’ ಕೀಲಿ ಒತ್ತಿಸಿ, ‘ಲಿನಕ್ಸ್’ ಎಂದು ಶುರುವಾಗುವ ಸಾಲಿನ ಕೊನೆಗೆ ‘ನೋಮೋಡ್‌ಸೆಟ್’ ಎಂಬ ಪದ ಸೇರಿಸಿ, ಎಫ್10 ಒತ್ತಲು ಹೇಳಿದೆ. ‘ಅಣ್ಣಾ, ಬಂತು!’ ಎಂದು ಆಕೆ ಕೂಗಿದ್ದು ಈಗಲೂ ಕಿವಿಯಲ್ಲಿದೆ. ಆಮೇಲೆ ಸರಿಯಾದ ಡ್ರೈವರ್ ಹಾಕಿಸಿದೆ. ಆಕೆ ದುರ್ಗಕ್ಕೆ ಬರುವ ಪ್ರಮೇಯವೇ ಬರಲಿಲ್ಲ.

ಈ ಮಾತು ಈಗ ಯಾಕೆ ತುರ್ತು? 2015ರಲ್ಲಿ ಬಂದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲ ನಿಲ್ಲಿಸಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಚಿಪ್ ಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನ ಅಥವಾ ಅದರ ನಂತರದ ಪ್ರೊಸೆಸರ್ ಬೇಕು. ನಮ್ಮ ಶಾಲೆ, ಸಹಕಾರ ಸಂಘ, ಸೈಬರ್ ಅಂಗಡಿಗಳ ಎಷ್ಟೋ ಯಂತ್ರಗಳು ಅದಕ್ಕಿಂತ ಹಳೆಯವು. ಅವು ಕೆಟ್ಟಿಲ್ಲ. ಲಿನಕ್ಸ್ ಹಾಕಿದರೆ ಇನ್ನೂ ಹಲವು ವರ್ಷ ದುಡಿಯುತ್ತವೆ. ಟ್ಯಾಲಿಯನ್ನೇ ನಂಬಿರುವ ಅಡಿಕೆ ಮಂಡಿಗೆ, ನುಡಿ ತಂತ್ರಾಂಶದ ಹಳೆಯ ಕಡತಗಳನ್ನು ದಿನವೂ ತೆರೆಯುವ ಕಚೇರಿಗೆ ಲಿನಕ್ಸ್ ಒಂದೇ ಸಾಕು ಎಂದು ನಾನು ಹೇಳುವುದಿಲ್ಲ. ಆದರೆ ಓದು, ಬರಹ, ಅರ್ಜಿ, ಮಕ್ಕಳ ಕಲಿಕೆಗೆ ಅದು ಧಾರಾಳವಾಗಿ ಸಾಕು. ಕನ್ನಡದ ಕಗಪ ಕೀಲಿಮಣೆಯೂ ಅದರಲ್ಲೇ ಇದೆ.

ಇದು ಹೊಸ ಸಾಹಸವೇನಲ್ಲ. ಕೇರಳದ ಸರ್ಕಾರಿ ಶಾಲೆಗಳು ವರ್ಷಗಳಿಂದ ಲಿನಕ್ಸಿನಲ್ಲೇ ಕಂಪ್ಯೂಟರ್ ಪಾಠ ಮಾಡುತ್ತಿವೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಆ ಪಾಠವನ್ನು ಕನ್ನಡ ಪುಸ್ತಕದಲ್ಲೇ ಓದುತ್ತಾರೆ. ನಮ್ಮ ರಾಜ್ಯದಲ್ಲೂ 2011ರ ಸುಮಾರಿನಿಂದ ಪ್ರೌಢಶಾಲಾ ಶಿಕ್ಷಕರಿಗೆ ಉಬುಂಟು ಕಲಿಸಿದ್ದುಂಟು. ಗಡಿಯಾಚೆಯ ಕನ್ನಡದ ಮಕ್ಕಳಿಗೆ ಆಗುವುದು ಹೊಳಲ್ಕೆರೆಯ ಮಕ್ಕಳಿಗೆ ಯಾಕಾಗಬಾರದು?

ನನ್ನ ಕೋರಿಕೆ ದೊಡ್ಡದಲ್ಲ. ಕಂಪ್ಯೂಟರ್ ಇರುವ ಪ್ರತಿ ಶಾಲೆಯ ಗೋಡೆಯ ಮೇಲೆ ಈ ನಾಲ್ಕು ಹಂತಗಳು ಕನ್ನಡದಲ್ಲಿ ಇರಲಿ. ಐಟಿಐ, ಡಿಪ್ಲೊಮಾ ಕಲಿಯುವವರಿಗೆ ಓಎಸ್ ಹಾಕುವುದರ ಜೊತೆಗೆ ಬೂಟ್ ಆಗದ ಯಂತ್ರವನ್ನು ಎಬ್ಬಿಸುವುದನ್ನೂ ಕಲಿಸಲಿ. ನನ್ನ ಕಸುಬಿನ ಗೆಳೆಯರೇ, ಫಾರ್ಮ್ಯಾಟ್‌ಗೆ ಮುನ್ನೂರು ಸಿಗಬಹುದು. ಫೈಲು ಉಳಿಸಿಕೊಟ್ಟವನ ಅಂಗಡಿಗೆ ಜನ ಮತ್ತೆ ಬರುತ್ತಾರೆ.

ಓದುಗರಿಗೂ ಒಂದು ಮಾತು. ನಿಮ್ಮ ಕಂಪ್ಯೂಟರ್ ಏಳದಿದ್ದರೆ ಗಾಬರಿಯಾಗಬೇಡಿ. ಪರದೆಯ ಮೇಲೆ ಬಂದದ್ದನ್ನು ಫೋನಿನಲ್ಲಿ ಫೋಟೊ ತೆಗೆಯಿರಿ. ಲಿನಕ್ಸ್ ಹಾಕಿದ ಪೆನ್‌ಡ್ರೈವನ್ನು ಅಳಿಸದೆ ಜೋಪಾನವಾಗಿಡಿ. ಅದರಿಂದಲೇ ಕಂಪ್ಯೂಟರ್ ಎಬ್ಬಿಸಿ, ಡಿಸ್ಕಿನಲ್ಲಿರುವ ಫೈಲುಗಳನ್ನು ಹೊರಗೆ ತೆಗೆಯಬಹುದು. ಯಾವ ಅಂಗಡಿಗೆ ಹೋದರೂ ಮೊದಲು ಹೀಗೆ ಹೇಳಿ: ‘ನನ್ನ ಫೈಲು ತೆಗೆದಿಡಿ, ಎಲ್ಲಿ ನಿಂತಿದೆ ನೋಡಿ. ಫಾರ್ಮ್ಯಾಟ್ ಮಾತು ಆಮೇಲೆ.’