ಕರೆಂಟಿಗೊಂದು ದರ, ದೊಡ್ಡಮ್ಮನಿಗೊಂದು ಪ್ಯಾಕೇಜು

ದೊಡ್ಡಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಾಗ, ಒಂದಷ್ಟು ತಿಂಗಳು ನೋಡಿಕೊಳ್ಳೋ ಜಾಗ ಸಿಗುತ್ತಾ ಅಂತ ಬೆಂಗಳೂರಿನ ನಾಲ್ಕೈದು ವೃದ್ಧಾಶ್ರಮಗಳಿಗೆ ಫೋನ್ ಮಾಡಿದ್ದೆ. ಒಂದು ಕಡೆ ಕೇಳಿದ ಮೊದಲ ಪ್ರಶ್ನೆ, "ಮಕ್ಕಳು ಎಲ್ಲಿದಾರೆ ಸರ್?" ಮಗ ಅಮೆರಿಕದಲ್ಲಿ ಅಂದೆ. ಆಮೇಲೆ ದರ ಹೇಳಿದರು. ಮಾರನೇ ದಿನ ನನ್ನ ಹೆಂಡತಿ ಅದೇ ನಂಬರಿಗೆ ಫೋನ್ ಮಾಡಿ, ಮಗ ಹಾಸನದಲ್ಲಿ ಅಂದಳು. ತಿಂಗಳಿಗೆ ಎಂಟು ಸಾವಿರ ಕಮ್ಮಿ! ಡೈಪರ್ ಬೇರೆ, ಫಿಸಿಯೋಥೆರಪಿ ಬೇರೆ, ಕೈಯಾರೆ ಊಟ ಮಾಡಿಸಬೇಕಂದ್ರೆ ಅದಕ್ಕೂ ಬೇರೆ.

ಆ ಸಂಸ್ಥೆಯವರನ್ನು ಬೈಯೋಕೆ ಇದನ್ನ ಬರೀತಿಲ್ಲ. ಹಾಗೆ ದರ ಹೇಳಬಾರದು ಅಂತ ಅವರಿಗೆ ಹೇಳಿದವರು ಯಾರು? ಯಾರೂ ಇಲ್ಲ. ನನ್ನ ಸಿಟ್ಟು ಇರೋದು ಅದರ ಮೇಲೆ.

ನೋಡಿ, ಬೆಸ್ಕಾಂ ಯೂನಿಟ್ಟಿಗೆ ಕೆಲವು ಪೈಸೆ ಏರಿಸಬೇಕು ಅಂದರೂ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಮುಂದೆ ಅರ್ಜಿ ಹಾಕಬೇಕು. ಖರ್ಚಿನ ಲೆಕ್ಕ ತೋರಿಸಬೇಕು. ಸಾರ್ವಜನಿಕ ವಿಚಾರಣೆ ನಡೆಯುತ್ತೆ; ರೈತರು, ಸಣ್ಣ ಕೈಗಾರಿಕೆಯವರು, ಸಾಮಾನ್ಯ ಗ್ರಾಹಕರು ಆಕ್ಷೇಪಣೆ ಸಲ್ಲಿಸಬಹುದು. ಆಟೋಗೆ ಮೀಟರ್ ದರ ಸರ್ಕಾರವೇ ನಿಗದಿ ಮಾಡುತ್ತೆ (ಓಡಿಸೋರು ಹಾಕ್ತಾರೋ ಬಿಡ್ತಾರೋ, ಅದು ಬೇರೆ ಮಾತು). ಫ್ಲಾಟಿಗೆ ರೇರಾ ಇದೆ. ಆದರೆ ಎದ್ದು ಕೂರಲಾಗದ ಒಂದು ಜೀವವನ್ನು ಹಗಲೂ ರಾತ್ರಿ ನೋಡಿಕೊಳ್ಳೋಕೆ ನಿಜಕ್ಕೂ ಎಷ್ಟು ಖರ್ಚಾಗುತ್ತೆ, ಅದರಲ್ಲಿ ಯಾರು ಎಷ್ಟು ಭರಿಸಬೇಕು ಅಂತ ನಮ್ಮನ್ನು ಒಬ್ಬರೂ ಕೇಳಿಲ್ಲ.

ಕಾನೂನೇ ಇಲ್ಲವಾ? ಇದೆ ಸ್ವಾಮಿ. ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ ಬಂದಿದ್ದು 2007ರಲ್ಲಿ. ಅದರ 19ನೇ ಕಲಮಿನಲ್ಲಿ, ಪ್ರತಿ ಜಿಲ್ಲೆಗೆ ಒಂದರಂತೆ, ಕನಿಷ್ಠ 150 ಬಡ ಹಿರಿಯರಿಗೆ ಜಾಗವಿರುವ ವೃದ್ಧಾಶ್ರಮಗಳನ್ನು ರಾಜ್ಯ ಸರ್ಕಾರ ಸ್ಥಾಪಿಸ'ಬಹುದು' ಅಂತ ಬರೆದಿದೆ. ಸ್ಥಾಪಿಸ'ತಕ್ಕದ್ದು' ಅಂತಲ್ಲ. ಒಂದು ಪದದಲ್ಲಿ ಇಡೀ ಹೊಣೆ ಜಾರಿಹೋಯಿತು. ಅದೇ ಕಾಯ್ದೆಯಲ್ಲಿ ಮಕ್ಕಳಿಂದ ಕೊಡಿಸಬಹುದಾದ ಜೀವನಾಂಶಕ್ಕೆ ತಿಂಗಳಿಗೆ 10,000 ರೂಪಾಯಿಯ ಮಿತಿ.

ಇನ್ನು ದುಡ್ಡಿನ ವಿಷಯ. ರಾಷ್ಟ್ರೀಯ ವೃದ್ಧಾಪ್ಯ ವೇತನದಲ್ಲಿ ಕೇಂದ್ರದ ಪಾಲು 60ರಿಂದ 79 ವರ್ಷದವರಿಗೆ ತಿಂಗಳಿಗೆ 200 ರೂಪಾಯಿ, 80 ದಾಟಿದವರಿಗೆ 500. ಇನ್ನೂರಕ್ಕೆ ಒಂದು ಪ್ಯಾಕ್ ಡೈಪರ್ ತಂದು ತೋರಿಸಿ! 2024ರ ಅಕ್ಟೋಬರಿನಿಂದ 70 ದಾಟಿದ ಎಲ್ಲರಿಗೂ ಆಯುಷ್ಮಾನ್ ಭಾರತದಲ್ಲಿ 5 ಲಕ್ಷದವರೆಗೆ ಚಿಕಿತ್ಸೆ ಅಂದರು. ಒಳ್ಳೇದೇ. ಆದರೆ ಅದು ಆಸ್ಪತ್ರೆಗೆ ಸೇರಿದಾಗ. ಡಿಸ್ಚಾರ್ಜ್ ಆದ ಮೇಲಿನ ಹಾಸಿಗೆಯ ವರ್ಷಗಳಿಗೆ? ಜಿಎಸ್‌ಟಿಯವರ ಹತ್ತಿರ ಮಾತ್ರ ಒಂದು ಅಂಕಿ ಇದೆ: ಸರ್ಕಾರ ಅಥವಾ ನೋಂದಾಯಿತ ಧರ್ಮಾರ್ಥ ಸಂಸ್ಥೆ ನಡೆಸುವ ವೃದ್ಧಾಶ್ರಮ ತಿಂಗಳಿಗೆ 25,000ದವರೆಗೆ ತಗೊಂಡರೆ ತೆರಿಗೆ ಇಲ್ಲ. ಅಂದರೆ ಆರೈಕೆಯ ಬೆಲೆ ಸರ್ಕಾರಕ್ಕೆ ನೆನಪಾಗೋದು ತೆರಿಗೆ ಲೆಕ್ಕ ಹಾಕೋವಾಗ.

ಬೇರೆ ಥರ ಸಾಧ್ಯವಾ? ಆಸ್ಟ್ರೇಲಿಯಾ ನೋಡಿ. ಅಲ್ಲಿ ಹಿರಿಯರ ಆರೈಕೆ ಹದಗೆಟ್ಟಿದೆ ಅಂತ ರಾಯಲ್ ಕಮಿಷನ್ ನೇಮಿಸಿದರು. 2019ರ ಅದರ ಮಧ್ಯಂತರ ವರದಿಯ ಹೆಸರೇ 'ನಿರ್ಲಕ್ಷ್ಯ'. ಈಗ ಒಂದು ಸ್ವತಂತ್ರ ದರ ಪ್ರಾಧಿಕಾರ ಸಂಸ್ಥೆಗಳ ಖರ್ಚನ್ನು ಅಳೆದು, ಜನರ ಅಭಿಪ್ರಾಯ ಕೇಳಿ, ಸರ್ಕಾರಕ್ಕೆ ಸಲಹೆ ಕೊಡುತ್ತೆ. ಯಾರಿಗೆ ಎಷ್ಟು ಆರೈಕೆ ಬೇಕೋ ಅದರ ಪ್ರಕಾರ ಸರ್ಕಾರದ ಹಣ ಹೋಗುತ್ತೆ. 2024ರ ಅಕ್ಟೋಬರಿನಿಂದ ಒಬ್ಬ ಹಿರಿಯರಿಗೆ ದಿನಕ್ಕೆ ಸರಾಸರಿ 215 ನಿಮಿಷದ ಆರೈಕೆ, ಅದರಲ್ಲಿ 44 ನಿಮಿಷ ನೋಂದಾಯಿತ ನರ್ಸಿನದು. ಎಲ್ಲ ಸಂಸ್ಥೆಗಳೂ ಇದನ್ನ ಮುಟ್ಟುತ್ತಿಲ್ಲ, ನಿಜ. ಆದರೆ ಮುಟ್ಟಿಲ್ಲ ಅಂತ ಬೆರಳು ತೋರಿಸೋಕೆ ಒಂದು ಅಂಕಿ ಇದೆಯಲ್ಲ! ನಮ್ಮಲ್ಲಿ ಅದೂ ಇಲ್ಲ.

"ನಮ್ಮ ಸಂಸ್ಕೃತಿಯಲ್ಲಿ ಅಪ್ಪ ಅಮ್ಮನ್ನ ಮನೇಲೇ ನೋಡ್ಕೋತೀವಿ" ಅನ್ನೋರು ಬಂದೇ ಬರ್ತಾರೆ. ನೋಡ್ಕೊಳ್ಳೋದು ಯಾರು ಮಾರಾಯ್ರೇ? ಸೊಸೆ. ಇಲ್ಲವೇ ಮಗಳು. ಕೆಲಸ ಬಿಟ್ಟು ಕೂತ ಅವಳ ಸಂಬಳ ಯಾರ ಲೆಕ್ಕದಲ್ಲೂ ಇಲ್ಲ. ಅದು ಸಂಸ್ಕೃತಿಯ ಹೆಸರಲ್ಲಿ ನಡೆಯೋ ಬಿಟ್ಟಿ ಚಾಕರಿ.

"ದರ ಕಟ್ಟಿದ್ರೆ ಆಶ್ರಮಗಳು ಬಾಗಿಲು ಹಾಕ್ತವೆ" ಅನ್ನೋದು ಇನ್ನೊಂದು ವಾದ. ಇದರಲ್ಲಿ ಹುರುಳಿದೆ. ಖರ್ಚು ಅಳೆಯದೆ ಒಂದು ಗರಿಷ್ಠ ಮಿತಿ ಹೇರಿದರೆ, ಮಾಲೀಕರು ಮೊದಲು ಕತ್ತರಿಸೋದು ಆಯಾಗಳ ಸಂಬಳವನ್ನ. ಅದಕ್ಕೇ ನಾನು ಕೇಳ್ತಿರೋದು ಮಿತಿ ಅಲ್ಲ, ವಿಚಾರಣೆ. ಪ್ರತಿ ಆಶ್ರಮ ತನ್ನ ದರಪಟ್ಟಿ ಬಹಿರಂಗವಾಗಿ ಹಾಕಲಿ. ಖರ್ಚು ಎಷ್ಟು ಅಂತ ಸರ್ಕಾರ ಅಳೆಯಲಿ. ಆಯಾಗಳು, ನಡೆಸೋರು, ಮನೆಯವರು, ಮುಖ್ಯವಾಗಿ ಅಲ್ಲಿರೋ ಹಿರಿಯರು ಬಂದು ಮಾತಾಡಲಿ. ಕೊಡಲಾಗದವರ ಪಾಲನ್ನು ಸರ್ಕಾರ ಕೊಡಲಿ, ಕೊಡಬಲ್ಲ ನಾವು ನಮ್ಮದನ್ನು ಕೊಡೋಣ.

ಅಲ್ಲೀತನಕ ನೀವು ಒಂದು ಕೆಲಸ ಮಾಡಬಹುದು. ಯಾವುದಾದರೂ ಆಶ್ರಮ ನೋಡೋಕೆ ಹೋದರೆ ಲಾನ್, ದೇವರ ಮನೆ ನೋಡಿ ವಾಪಸ್ ಬರಬೇಡಿ. ರಾತ್ರಿ ಪಾಳಿಯಲ್ಲಿ ಎಷ್ಟು ಹಿರಿಯರಿಗೆ ಎಷ್ಟು ಜನ ಆಯಾಗಳು, ಅವರಿಗೆ ಸಂಬಳ ಎಷ್ಟು ಅಂತ ಕೇಳಿ. ನಾನು ಕೇಳಿದಾಗ ಮ್ಯಾನೇಜರ್ ನಕ್ಕು, "ಇದನ್ನ ಯಾರೂ ಕೇಳಲ್ಲ ಸರ್" ಅಂದರು.