ಗುಮ್ಮಟ ನೋಡಿದ್ದಾಯ್ತು, ವಿಜಯಪುರ ನೋಡೋದು ಯಾವಾಗ?

ಸೊಲ್ಲಾಪುರ: ಸೂಟಿ ಬಂತೆಂದರೆ ಸೊಲ್ಲಾಪುರ, ಅಕ್ಕಲಕೋಟ, ಜತ್ತ ಕಡೆಯ ಕನ್ನಡ ಕುಟುಂಬಗಳು ವಿಜಯಪುರದತ್ತ ಹೊರಡುತ್ತವೆ. ಊರಿಗೆ 2014ರಲ್ಲಿ ಹೊಸ ಹೆಸರು ಬಂದರೂ ಹಿರಿಯರ ಬಾಯಲ್ಲಿ ಇನ್ನೂ ಬಿಜಾಪುರವೇ. ಸೊಲ್ಲಾಪುರದಿಂದ ಸುಮಾರು 100 ಕಿ.ಮೀ. ಮುಂಜಾನೆ ಬುತ್ತಿ ಕಟ್ಟಿಕೊಂಡು ಹೋದರೆ ರಾತ್ರಿ ಊಟಕ್ಕೆ ಮನೆ. ಏನೇನು ನೋಡಿದಿರಿ ಎಂದು ಕೇಳಿದರೆ ಮಾತ್ರ ಉತ್ತರ ಬಹುತೇಕ ಒಂದೇ: ‘ಗೋಳಗುಮ್ಮಟದಾಗ ಕೂಗಿದ್ವಿ, ಇಬ್ರಾಹಿಂ ರೋಜಾ ನೋಡಿದ್ವಿ, ಬಂದ್ವಿ.’

ಇದಕ್ಕೆ ಕಾರಣ ಊರು ಹರಡಿಕೊಂಡಿರುವ ರೀತಿ. ಗೋಳಗುಮ್ಮಟ ಪೂರ್ವಕ್ಕೆ, ರೈಲು ನಿಲ್ದಾಣದ ಹತ್ತಿರ. ಇಬ್ರಾಹಿಂ ರೋಜಾ ಪಶ್ಚಿಮಕ್ಕೆ, ಕೋಟೆ ಗೋಡೆಯ ಆಚೆ. ಆಟೋದವರ ಜೊತೆ ಚೌಕಾಸಿ ನಡೆಯುವುದು ‘ಇಷ್ಟು ಪಾಯಿಂಟ್‌ಗೆ ಇಷ್ಟು’ ಎಂಬ ಲೆಕ್ಕದಲ್ಲಿ. ಎರಡು ಗೋರಿಗಳ ನಡುವೆ ಇರುವ ಊರು ಹಾಗೇ ಗಾಡಿಯ ಪಕ್ಕ ಸರಿದುಹೋಗುತ್ತದೆ.

ನಡೆದರೆ ಸಿಗುವುದು

ರಾಜಧಾನಿಯಾಗಿ ಬಾಳಿದ ಊರು ಇರುವುದು ಈ ನಡುವಿನಲ್ಲೇ. ಬಾರಾ ಕಮಾನದಿಂದ ನಡಿಗೆ ಶುರು ಮಾಡಬಹುದು. ಎರಡನೇ ಅಲಿ ಆದಿಲ್‌ಶಾಹ 1672ರಲ್ಲಿ ತೀರಿಕೊಂಡಾಗ ಅವನ ಗೋರಿಯ ಕಟ್ಟಡ ಅರ್ಧಕ್ಕೇ ನಿಂತಿತು. ಅರ್ಧಕ್ಕೆ ನಿಂತಿದ್ದರಿಂದಲೇ ಕಮಾನು ಹೇಗೆ ಏರಿಸುತ್ತಿದ್ದರು ಎಂಬುದು ಬರಿಗಣ್ಣಿಗೆ ಕಾಣುತ್ತದೆ. ಅಲ್ಲಿಂದ 1561ರ ಗಗನ ಮಹಲ್, ಅಸರ್ ಮಹಲ್, ಮೆಹತರ್ ಮಹಲ್, ಜಾಮಿಯಾ ಮಸೀದಿ ದಾಟಿ ಗೋಳಗುಮ್ಮಟಕ್ಕೆ ಬರಬಹುದು. ತಾಳೀಕೋಟೆ ಯುದ್ಧದ ವರ್ಷ 1565ರಿಂದ 1656ರ ಗುಮ್ಮಟದವರೆಗಿನ ಇತಿಹಾಸ ಒಂದೇ ದಾರಿಯಲ್ಲಿ ಸಿಗುತ್ತದೆ.

ಊರ ನೀರಿನ ಕಥೆಯನ್ನೂ ಕೇಳಬೇಕು. ಹತ್ತಿರದ ತೊರವಿಯಿಂದ ಸುರಂಗ ತೋಡಿ ಕೋಟೆಯೊಳಗೆ ನೀರು ತಂದಿದ್ದರು. ತಾಜ್ ಬಾವಡಿ, ಚಾಂದ್ ಬಾವಡಿ ಆ ಕಾಲದ ದೊಡ್ಡ ಬಾವಿಗಳು. ಇದೇ ತೊರವಿ ಕನ್ನಡಿಗರಿಗೆ ತೊರವೆ ರಾಮಾಯಣದ ಊರು. ಬರದ ಸೀಮೆಯ ಜನ ನೀರು ಹೇಗೆ ಹಿಡಿದಿಟ್ಟರು ಎಂಬುದು ಸೊಲ್ಲಾಪುರ, ಜತ್ತದವರಿಗೆ ಬಿಡಿಸಿ ಹೇಳಬೇಕಿಲ್ಲ.

ಗಡಿಯಾಚೆಯ ನಂಟು

ಈ ಕಥೆಯಲ್ಲಿ ಗಡಿಯಾಚೆಯವರ ಪಾಲೂ ಇದೆ. ನಿಜಾಮಶಾಹಿ ಮನೆತನದ ಚಾಂದಬೀಬಿಯನ್ನು ಬಿಜಾಪುರಕ್ಕೆ ಮದುವೆ ಮಾಡಿಕೊಟ್ಟಾಗ ಬಳುವಳಿಯಾಗಿ ಬಂದದ್ದು ಸೊಲ್ಲಾಪುರದ ಕೋಟೆ. ಶೆರ್ಜಾ ಬುರುಜಿನ ಮೇಲಿರುವ ಸುಮಾರು 55 ಟನ್ನಿನ ‘ಮಲಿಕ್-ಎ-ಮೈದಾನ್’ ತೋಪನ್ನು 1549ರಲ್ಲಿ ಎರಕ ಹೊಯ್ದದ್ದು ಅಹ್ಮದನಗರದಲ್ಲಿ, ಮುಂದೆ ತಂದದ್ದು ಪರಾಂಡಾ ಕೋಟೆಯಿಂದ. ಮರಾಠಿ ಶಾಲೆಗೆ ಹೋಗುವ ಮನೆಯ ಮಕ್ಕಳಿಗೆ ಇದನ್ನು ಕನ್ನಡದಲ್ಲಿ, ಕಟ್ಟಡದ ಮುಂದೆಯೇ ನಿಲ್ಲಿಸಿ ಹೇಳಿದರೆ ಅದು ಪಾಠ. ಗಾಡಿಯಿಂದ ಬೆರಳು ತೋರಿಸಿದರೆ ಅದು ಬರೀ ಕಲ್ಲು.

ಒಂದು ದಿನದಲ್ಲಿ ಸಾಧ್ಯವೇ?

ಖಂಡಿತ ಸಾಧ್ಯ. ಬೆಳಿಗ್ಗೆ ಬೇಗ ಗೋಳಗುಮ್ಮಟ ಏರಿದರೆ ಗದ್ದಲ ಕಡಿಮೆ, ಪ್ರತಿಧ್ವನಿ ಸ್ಪಷ್ಟ. ಮೂಲೆಯ ಗೋಪುರದ ಮೆಟ್ಟಿಲು ಇಕ್ಕಟ್ಟು, ಮೊಣಕಾಲು ನೋವಿದ್ದ ಅಜ್ಜ ಅಜ್ಜಿಯರು ಕೆಳಗೆ ಮ್ಯೂಜಿಯಂ ನೋಡಬಹುದು. ಶುಕ್ರವಾರ ಮಾತ್ರ ಅದು ಬಂದ್. ಬಿಸಿಲೇರುವ ಮುನ್ನ ನಡಿಗೆ ಮುಗಿಸಿ, ತೋಪು, ತಾಜ್ ಬಾವಡಿ, ಇಬ್ರಾಹಿಂ ರೋಜಾ ಸಂಜೆಗೆ ಇಟ್ಟುಕೊಂಡರೆ ಆಟೋ ಬೇಕಾಗುವುದು ಅಷ್ಟಕ್ಕೇ.

ಗೈಡ್ ಹಿಡಿಯುವಾಗ ಎರಡು ಮಾತು ಮೊದಲೇ ಆಗಲಿ: ಹೇಳುವುದು ಕನ್ನಡದಲ್ಲಿ, ಲೆಕ್ಕ ತಾಸಿನದು, ಪಾಯಿಂಟಿನದಲ್ಲ. ಪಾಯಿಂಟ್ ಲೆಕ್ಕದಲ್ಲಿ ಬೇಗ ಮುಗಿಸಿದವನಿಗೆ ಲಾಭ. ತಾಸಿನ ಲೆಕ್ಕದಲ್ಲಿ ಬಲ್ಲವನಿಗೆ ಬೆಲೆ. ಬಂದವರು ಕೇಳುವುದು ‘ಎಷ್ಟು ಸಲ ಕೇಳಸ್ತದ?’ ಅಂತ ಮಾತ್ರವಾದರೆ ಗೈಡ್ ಹೇಳುವುದೂ ಅಷ್ಟೇ. ತೊರವಿಯ ನೀರಿನ ಬಗ್ಗೆ ಕೇಳುವ ಕುಟುಂಬಗಳು ಹೆಚ್ಚಿದರೆ ಅದನ್ನು ಕಲಿತು ಹೇಳುವವರೂ ಹುಟ್ಟುತ್ತಾರೆ.