ಸಿಮ್ ಕಾರ್ಡಿನ ಬೀಗದ ಕೈ

ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ದುಡಿಯುವ ಕುರೆಕುಪ್ಪದ ಕಾರ್ಮಿಕನ ಸಂಬಳಕ್ಕೆ ಈಗ ಉಗುರಿನಷ್ಟು ಗಾತ್ರದ ಸಿಮ್ ಕಾರ್ಡೇ ಕಾವಲು. ಬ್ಯಾಂಕಿನ ಓಟಿಪಿಯು ಅದನ್ನು ನಂಬಿಯೇ ಬರುವುದಷ್ಟೆ. ಬಹುಜನರು ಅದನ್ನು ಬರಿಯ ನಂಬರಿನ ಚೀಟಿಯೆಂದು ತಿಳಿದಿರುವರು. ವಸ್ತುತಃ ಅದೊಂದು ಗಣಕಯಂತ್ರ. ಅದಕ್ಕೆ ತನ್ನದೇ ಪ್ರೊಸೆಸರ್ ಉಂಟು, ಸ್ಮರಣಕೋಶವುಂಟು, ಕಿರು ಪ್ರೋಗ್ರಾಮುಗಳುಂಟು. ಫೋನಿನ ಒಡೆಯನ ಕಣ್ಣಿಗೆ ಬೀಳದ ಸಂದೇಶವನ್ನಟ್ಟಿ ಕಂಪೆನಿಯು ಅವುಗಳನ್ನು ಬದಲಿಸಬಲ್ಲದು.

ಕಂಪೆನಿಯು ಬಲ್ಲ ದಾರಿಯನ್ನು ಕಳ್ಳನೂ ಹುಡುಕುವನು. ಹಳೆಯ ಡಿಇಎಸ್ ಗೂಢಲಿಪಿಯ ಕಾರ್ಡುಗಳಿಂದ ಇಂತಹ ಸಂದೇಶದ ಮೂಲಕವೇ ಬೀಗದ ಕೈಯನ್ನು ಕೆಲವೇ ನಿಮಿಷಗಳಲ್ಲಿ ಪಡೆಯಬಹುದೆಂದು 2013ರಲ್ಲಿ ಜರ್ಮನಿಯ ಕಾರ್ಸ್ಟನ್ ನೋಲ್ ಎಂಬ ತಜ್ಞರು ತೋರಿಸಿಕೊಟ್ಟರು.

ಇದಕ್ಕಿಂತ ಘೋರವಾದುದು 2015ರಲ್ಲಿ ಸ್ನೋಡನ್ನರ ಕಾಗದಪತ್ರಗಳಿಂದ ಹೊರಬಿತ್ತು. ಪ್ರತಿ ಕಾರ್ಡಿಗೂ ಕಾರ್ಖಾನೆಯಲ್ಲಿ ತುಂಬುವ ರಹಸ್ಯ ಕೈಗಳನ್ನೇ ಅಪಹರಿಸಲು ಬ್ರಿಟಿಷ್ ಮತ್ತು ಅಮೆರಿಕದ ಗೂಢಚಾರ ಸಂಸ್ಥೆಗಳು ಜೆಮಾಲ್ಟೊ ಕಂಪೆನಿಯ ಜಾಲವನ್ನು ಹೊಕ್ಕವೆಂದು ಅವು ಹೇಳಿದವು. ಕೈಗಳನ್ನು ಕದ್ದ ದೇಶಗಳ ಪಟ್ಟಿಯಲ್ಲಿ ಭಾರತದ ಹೆಸರೂ ಇದ್ದಿತು. ದೊಡ್ಡ ಪ್ರಮಾಣದ ಕಳವಾಗಿಲ್ಲವೆಂದು ಕಂಪೆನಿಯು ಸಮಾಧಾನ ಹೇಳಿತು. 1947ರಲ್ಲಿ ಹಡಗು ಹತ್ತಿದವರು ಕಿಟಕಿಗೆ ಕಿವಿಯಿಟ್ಟು ನಿಂತರೆಂದಾಯಿತು!

ಟೆಲಿಫೋನು ಸ್ವದೇಶದಲ್ಲೇ ತಯಾರಾಗಬೇಕೆಂದು 1948ರಲ್ಲಿಯೇ ಬೆಂಗಳೂರಿನಲ್ಲಿ ಐಟಿಐ ಕಾರ್ಖಾನೆಯನ್ನು ಸ್ಥಾಪಿಸಿದ ರಾಷ್ಟ್ರವಿದು. ದೂರಸಂಪರ್ಕ ಜಾಲದ ಉಪಕರಣಗಳನ್ನು ವಿಶ್ವಾಸಾರ್ಹ ಮೂಲಗಳಿಂದಲೇ ಕೊಳ್ಳಬೇಕೆಂಬ ನಿಯಮವು 2021ರ ಜೂನ್ 15ರಿಂದ ಜಾರಿಗೆ ಬಂದಿತು. ಸಿಮ್ಮಿನ ಚಿಪ್ಪೂ, ಅದರಲ್ಲಿ ಕೈ ತುಂಬುವ ಕೆಲಸವೂ ಅಷ್ಟೇ ಬಿಗಿಯಾದ ಪರೀಕ್ಷೆಗೆ ಒಳಪಡಬೇಕೆಂದು ನಾವು ಸರ್ಕಾರವನ್ನು ಒತ್ತಾಯಿಸುತ್ತೇವೆ. ಹಳೆಯ ಕಾರ್ಡುಗಳನ್ನು ಕಂಪೆನಿಗಳು ತಮ್ಮ ಖರ್ಚಿನಿಂದಲೇ ಬದಲಿಸಿಕೊಡಲಿ. ಕೂಲಿ ಬಿಟ್ಟು ಬಳ್ಳಾರಿಗೆ ಅಲೆಸದೆ, ಕುರೆಕುಪ್ಪಕ್ಕೇ ಬಂದು ಕೊಡಲಿ.